ಬಸರಿ ಕಡವಿನ ಅಜ್ಜಿಕಲ್ಲು

ಈ ಕಥೆಯನ್ನು ಮೊದಲು ಹೇಳಿದವರು ನಮ್ಮ ಹೊಳೆಯಲ್ಲಿ ದೋಣಿ ದಾಟಿಸುತ್ತಿದ್ದ ಜಟ್ಟಪ್ಪ ಅಂಬಿಗರು. ಆಚೆ ದಡದ ಶಾಲೆಗೆ ಹೋಗುವ ಮಕ್ಕಳೆಲ್ಲ ಬೆಳಿಗ್ಗೆ ಅವರ ದೋಣಿಯಲ್ಲೇ ಕೂರಬೇಕು. ಹೊಳೆಗೆ ಕೈಮುಗಿದು, ಒಂದು ಹನಿ ನೀರನ್ನು ಕಣ್ಣಿಗೊತ್ತಿಕೊಂಡು, ಆಮೇಲೆ ಅವರು ಗಳ ಊರುತ್ತಿದ್ದರು. ಗಳ ಏರಿಳಿದ ಹಾಗೆ ಕಥೆಯೂ ಸಾಗುತ್ತಿತ್ತು. ಮುಗಿಯುವ ಮೊದಲೇ ದಡ ಬಂದರೆ, "ಉಳಿದದ್ದು ಸಂಜೆಗೆ. ಇಳೀರಿ, ಗಂಟೆ ಹೊಡೀತು" ಎನ್ನುತ್ತಿದ್ದರು. ಆ ದೋಣಿ ಈಗಿಲ್ಲ. ಕಥೆ ಉಳಿದಿದೆ.

ಒಂದು ಕಾಡಿನಲ್ಲಿ, ಹೊಳೆ ಇನ್ನೇನು ಕಡಲು ಸೇರಬೇಕು ಎನ್ನುವ ಕಡೆ, ಎರಡು ಕಡವುಗಳಿದ್ದವು. ಪ್ರಾಣಿಗಳು ಹೊಳೆಗಿಳಿಯುವುದೂ ಹತ್ತುವುದೂ ಅಲ್ಲಿಯೇ. ಈಚೆ ದಡದಲ್ಲಿ ಕಾಡು, ಆಚೆ ದಡದಲ್ಲಿ ಬೆಳ್ಳಗೆ ಹೊಳೆಯುವ ಉಪ್ಪಿನ ಬಯಲು. ಕಾಡಿನವರಿಗೆ ಉಪ್ಪು ಬೇಕು. ಬಯಲಿನ ಮೊಲ ಮುಂಗುಸಿಗಳಿಗೆ ಕಾಡಿನ ಹಣ್ಣು, ಗೆಡ್ಡೆ, ಜೇನು ಬೇಕು. ಹಾಗಾಗಿ ದಿನವೂ ಹೊರೆಗಳು ಅತ್ತಿಂದಿತ್ತ ಹೋಗಿ ಬರುತ್ತಿದ್ದವು.

ಮೇಲಿನ ಕಡವು ಬಸರಿ ಮರದ ಬುಡದಲ್ಲಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವನು ನೀರುನಾಯಿ ಬೊಮ್ಮಯ್ಯ. ಕೆಳಗಿನದು ಹೊಂಗೆ ಮರದ ಬುಡದಲ್ಲಿ, ಹೊಳೆ ಬಾಗುವ ಮಗ್ಗುಲಲ್ಲಿತ್ತು. ಅದನ್ನು ಮುಳ್ಳುಹಂದಿ ಈರಕ್ಕ ನೋಡಿಕೊಳ್ಳುತ್ತಿದ್ದಳು. ಎರಡರ ನಡುವೆ ದಟ್ಟವಾದ ಕೇದಗೆ ಪೊದೆ. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಕೂಗಿದರೆ ಮಾತ್ರ ಕೇಳುತ್ತಿತ್ತು.

ಹೊರೆ ದಾಟಿಸುತ್ತಿದ್ದದ್ದು ಆಮೆಗಳು. ಎಲ್ಲಕ್ಕೂ ಹಿರಿಯನಾದ ಕೂರ್ಮಜ್ಜ ಮುಂದೆ, ಉಳಿದವು ಅವನ ಹಿಂದೆ ಸಾಲಾಗಿ. ಬೆನ್ನ ಮೇಲೆ ಮುತ್ತುಗದ ಎಲೆಯಲ್ಲಿ ಕಟ್ಟಿದ ಉಪ್ಪು. ನಿಧಾನ ಅಂದರೆ ನಿಧಾನ. ಆದರೆ ಆ ಸಾಲಿನಲ್ಲಿ ಒಂದು ಹೊರೆಯೂ ನೀರಿಗೆ ಬಿದ್ದದ್ದಿಲ್ಲ.

ಆ ಕಡವುಗಳಿಗೆ ಎರಡು ಪದ್ಧತಿಗಳಿದ್ದವು. ಹೊಳೆ ದಾಟುವವರು ಯಾರೇ ಆಗಲಿ, ಹೊರಡುವಾಗ ಒಂದು ಕಲ್ಲು ತಂದು ಕಡವಿನಲ್ಲಿ ಇಡಬೇಕು. ಆನೆಗೆ ಆನೆಯಷ್ಟು, ಅಳಿಲಿಗೆ ಅಳಿಲಿನಷ್ಟು. ಹಾಗೆ ಇಟ್ಟಿಟ್ಟು ಎರಡೂ ಕಡವಿನಲ್ಲಿ ದಡದಿಂದ ನೀರಿನೊಳಗೆ ಒಂಬತ್ತು ಸಾಲು ಕಲ್ಲು ಹಬ್ಬಿತ್ತು. ಮಳೆಗಾಲದ ಹೊಳೆ ಬಂದು ಗುದ್ದಿದರೂ ದಡ ಜಗ್ಗುತ್ತಿರಲಿಲ್ಲ.

ಎರಡನೆಯದು ಕೂಗು. ಬೆಳಿಗ್ಗೆ ಬಿಸಿಲು ನೀರಿಗೆ ಬೀಳುವ ಹೊತ್ತಿಗೆ ಬೊಮ್ಮಯ್ಯ ಬಾಯಿಗೆ ಕೈ ಹಿಡಿದು ಕೂಗುತ್ತಿದ್ದ.

"ಕೂ... ಈರಕ್ಕಾ! ನನ್ನಲ್ಲಿ ನಾಲ್ಕು ಹೊರೆ ಹೆಚ್ಚಿದೆ. ಅತ್ತ ಕಳಿಸಲೇನೇ?"

"ಕೂ... ಕಳಿಸೋ ತಮ್ಮಾ, ಜಾಗ ಉಂಟು! ನಿನ್ನ ಗಂಟಲು ಯಾಕೋ ಕಟ್ಟಿದೆ? ರಾತ್ರಿ ಮೀನು ಹೆಚ್ಚಾಯಿತೋ?"

"ನಿನ್ನ ಹಾಗೆ ಗೆಡ್ಡೆ ತಿಂದು ಗುಡುಗೋದಕ್ಕಿಂತ ವಾಸಿ!"

ಈ ಮಾತಿಗೆ ಆಮೆಗಳು ಚಿಪ್ಪಿನೊಳಗೇ ನಗುತ್ತಿದ್ದವು. ಎಂಥ ಬೆಳಗುಗಳು ಅವು! ಕೇದಗೆಯ ಪರಿಮಳ, ಉಪ್ಪುಗಾಳಿ, ಆ ಕೂಗು, ಈ ಮರುಕೂಗು. ಅಲ್ಲಿ ನನ್ನ ಕಡವು, ನಿನ್ನ ಕಡವು ಎಂಬ ಮಾತಿತ್ತು. ನನ್ನ ಹೊರೆ, ನಿನ್ನ ಹೊರೆ ಎಂಬ ಮಾತಿರಲಿಲ್ಲ.

ಬಸರಿ ಕಡವಿನ ಮೊದಲ ಕಲ್ಲನ್ನು ಇಟ್ಟವಳು ಬೊಮ್ಮಯ್ಯನ ಅಜ್ಜಿ. ಅವಳ ಕಾಲಕ್ಕೆ ಅಲ್ಲಿ ಬರೀ ಕೆಸರು. ಒಂದು ಜಿಂಕೆಮರಿ ಉಪ್ಪಿನಾಸೆಗೆ ಇಳಿದು ಕೆಸರಲ್ಲಿ ಹೂತುಹೋಯಿತು. ಅದನ್ನು ಕಂಡ ಅಜ್ಜಿ ಅನ್ನನೀರು ಬಿಟ್ಟು, ಗುಡ್ಡದಿಂದ ಒಂದು ದುಂಡುಕಲ್ಲನ್ನು ಏಳು ದಿನ ಉರುಳಿಸಿಕೊಂಡು ಬಂದು ದಡದ ಬುಡಕ್ಕೆ ಕೂರಿಸಿದಳು. ಎಲ್ಲರೂ ಅದನ್ನು ಅಜ್ಜಿಕಲ್ಲು ಎನ್ನುತ್ತಿದ್ದರು. ಬೊಮ್ಮಯ್ಯ ದಿನವೂ ಮುಳುಗು ಹಾಕಿ ಬಂದು, ಅದರ ಮೇಲೆ ಒಂದು ಹೂವಿಟ್ಟು, ಆಮೇಲೆಯೇ ಕೆಲಸಕ್ಕೆ ಕೈ ಹಚ್ಚುತ್ತಿದ್ದ. ಹೂವಿಟ್ಟ ಜಾಗ ಸವೆದು ಅಂಗೈಯಷ್ಟು ಗುಳಿ ಬಿದ್ದಿತ್ತು.

ಹೀಗಿರಲು, ಒಂದು ದಿನ ಹೊಳೆಯ ಮೇಲೆ ಒಂದು ದೊಡ್ಡ ತೆಪ್ಪ ಬಂತು. ಬಿದಿರ ಮೆಳೆಯೇ ಎದ್ದು ತೇಲಿ ಬಂದಂತಿತ್ತು. ಎರಡು ಮೊಸಳೆಗಳು ಅದನ್ನು ಬಳ್ಳಿ ಕಟ್ಟಿ ಎಳೆಯುತ್ತಿದ್ದವು. ನಡುವೆ ಬಾಲ ಚೆಲ್ಲಿಕೊಂಡು ಒಂದು ನರಿ ಕುಳಿತಿತ್ತು.

"ನಮಸ್ಕಾರ ಬೊಮ್ಮಯ್ಯನವರೇ! ನಿಮ್ಮ ಕಡವಿನ ಹೆಸರು ಕೇಳಿಯೇ ಬಂದೆ. ಆಮೆಗಳು ಹತ್ತು ದಿನ ಹೊರುವುದನ್ನು ನನ್ನ ತೆಪ್ಪ ಒಂದೇ ಸಲಕ್ಕೆ ಹೊರುತ್ತದೆ."

"ಒಳ್ಳೆಯದೇ ಆಯಿತು ನರಿಯಪ್ಪ. ಕಡವು ಎಲ್ಲರದ್ದು. ಒಂದು ಕಲ್ಲು ಇಟ್ಟು ಸರತಿಗೆ ನಿಲ್ಲು."

ನರಿ ನಕ್ಕಿತು. "ಕಲ್ಲು ಇಡುವುದಲ್ಲ ಸ್ವಾಮಿ, ತೆಗೆಯುವುದು! ನನ್ನ ತೆಪ್ಪದ ಹೊಟ್ಟೆ ಆಳ. ನಿಮ್ಮ ಕಲ್ಲಿಗೆ ತಾಗುತ್ತದೆ. ಹೊರಗಿನ ಮೂರು ಸಾಲು ಕಿತ್ತು ಮಡುವಿಗೆ ನೂಕಿದರೆ ಸಾಕು. ದಿನವೂ ಇಲ್ಲಿಗೇ ಬರುತ್ತೇನೆ."

ಬೊಮ್ಮಯ್ಯ ಮೀಸೆ ತಿಕ್ಕಿಕೊಂಡ. "ಈರಕ್ಕನನ್ನೊಂದು ಮಾತು ಕೇಳುತ್ತೇನೆ" ಎಂದು ಬಾಯಿಗೆ ಕೈ ಹಿಡಿದ.

"ಕೇಳಿ, ಕೇಳಿ" ಎಂದಿತು ನರಿ, ಉಗುರು ನೋಡಿಕೊಳ್ಳುತ್ತ. "ಅವರು ನಿನ್ನೆಯೇ ಐದು ಸಾಲು ಕಿತ್ತಾಯಿತು. 'ಬೊಮ್ಮಯ್ಯನಿಗೆ ಹೇಳಬೇಡ, ಅವನು ಕೂಗುತ್ತಲೇ ಕೂತಿರಲಿ' ಅಂತ ನಗುತ್ತಿದ್ದರು. ನನಗ್ಯಾಕೆ ನಿಮ್ಮ ಮನೆಮಾತು?"

ಬೊಮ್ಮಯ್ಯನ ಕೈ ಬಾಯಿಯ ಹತ್ತಿರವೇ ನಿಂತಿತು. ಅಕ್ಕ ಎಂದುಕೊಂಡಿದ್ದವಳು ತನ್ನನ್ನು ನೋಡಿ ನಕ್ಕಳೇ? ಅವನು ಕೈ ಇಳಿಸಿ ನೀರಿಗಿಳಿದ. ಸಂಜೆಯೊಳಗೆ ಮೂರು ಸಾಲು ಕಲ್ಲು ಕಿತ್ತು ಮಡುವಿಗೆ ನೂಕಿದ.

ನರಿ ಅಲ್ಲಿಂದ ಹೋದದ್ದೆಲ್ಲಿಗೆ? ನೆಟ್ಟಗೆ ಹೊಂಗೆ ಕಡವಿಗೆ. "ಈರಕ್ಕಾ, ಬೊಮ್ಮಯ್ಯನವರು ಮೂರು ಸಾಲು ಕಿತ್ತರು. 'ಆ ಮುದುಕಿಗೆ ಇನ್ನೇನು ಕೈಲಾಗುತ್ತದೆ' ಅಂದರು" ಎಂದಿತು. ಈರಕ್ಕನ ಮುಳ್ಳೆಲ್ಲ ನಿಮಿರಿ ನಿಂತವು. ಅವಳು ನಾಲ್ಕು ಸಾಲು ಕಿತ್ತಳು.

ಮರುದಿನ ಬೆಳಿಗ್ಗೆ ಬಸರಿ ಕಡವಿನಿಂದ ಕೂಗಿಲ್ಲ. ಹೊಂಗೆ ಕಡವಿನಿಂದಲೂ ಇಲ್ಲ. ಕೇದಗೆ ಪೊದೆಯ ಈಚೆ ಬೊಮ್ಮಯ್ಯ ಕಿವಿಗೊಟ್ಟು ಕುಳಿತ. ಅವಳೇ ಮೊದಲು ಕೂಗಲಿ ಎಂದು ಕಾದ. ಆಚೆ ಈರಕ್ಕನೂ ಹಾಗೆಯೇ ಕಾದಳು.

ಅಲ್ಲಿಂದಾಚೆಗೆ ನರಿಗೆ ಹಬ್ಬ. ಇಲ್ಲಿಗೆ ಬಂದು ಅಲ್ಲಿಯದು ಹೇಳುವುದು, ಅಲ್ಲಿಗೆ ಹೋಗಿ ಇಲ್ಲಿಯದು ಹೇಳುವುದು. ಅವಳು ಇನ್ನೊಂದು ಸಾಲು ತೆಗೆದಳು. ಇವನೂ ತೆಗೆದ. ತೆಪ್ಪ ಎಳೆಯುವ ಬಳ್ಳಿಗೆ ತಾಗುತ್ತದೆ ಎಂದು ನರಿ ಅಂದದ್ದಕ್ಕೆ ಹೊಳೆಗೆ ಚಾಚಿದ ಬಸರಿಯ ಬೇರುಗಳನ್ನು ಬೊಮ್ಮಯ್ಯ ತನ್ನ ಹಲ್ಲಿನಿಂದಲೇ ಕಡಿದ. ಕೊನೆಗೆ ನರಿ, "ಈ ಆಮೆಗಳು ದಾರಿಗೆ ಅಡ್ಡ. ನನ್ನ ತೆಪ್ಪ ನಿಂತಾಗ ಅವು ದೂರ ಇರಲಿ" ಎಂದಿತು.

ಅದನ್ನು ಕೂರ್ಮಜ್ಜನಿಗೆ ಹೇಳುವಾಗ ಬೊಮ್ಮಯ್ಯ ನೆಲ ನೋಡುತ್ತಿದ್ದ.

"ದೂರ ಅಂದರೆ ಎಷ್ಟು ದೂರ ಮಗಾ?" ಎಂದ ಕೂರ್ಮಜ್ಜ.

"ತೆಪ್ಪ ಹೋಗುವವರೆಗೆ, ಅಜ್ಜಾ."

"ತೆಪ್ಪ ಹೋದರೆ ಇನ್ನೊಂದು ಹೊರೆಗೆ ಬರುತ್ತದೆ. ನಮಗೆ ತಿಳಿಯಿತು ಬಿಡು." ಅಜ್ಜ ಮೆಲ್ಲನೆ ತಿರುಗಿದ. "ನಿನ್ನಜ್ಜಿ ಆ ಕಲ್ಲು ಉರುಳಿಸುವಾಗ ಹಿಂದಿನಿಂದ ಚಿಪ್ಪು ಕೊಟ್ಟವನು ನಾನು. ಆಗ ಚಿಕ್ಕವನಿದ್ದೆ. ಬರ್ತೀನಪ್ಪಾ."

ಆಮೆಗಳ ಸಾಲು ಹೊಳೆಯ ಮೇಲ್ಗಡೆಯ ಹಿನ್ನೀರಿಗೆ ಹೋಯಿತು. ಅಂದು ಸಂಜೆ ಬೊಮ್ಮಯ್ಯನಿಗೆ ಮೀನು ರುಚಿಸಲಿಲ್ಲ.

ಆಮೆಗಳು ಹೋದದ್ದೇ ತಡ, ನರಿಯ ದನಿ ಬದಲಾಯಿತು. "ಬೊಮ್ಮಯ್ಯನವರೇ" ಹೋಗಿ "ಏ ಬೊಮ್ಮಯ್ಯಾ" ಬಂತು. ತಂದ ಉಪ್ಪಿನಲ್ಲಿ ಅರ್ಧ ತನಗೇ ಎಂದಿತು. ಬರುವೆನೆಂದ ದಿನ ಬರಲಿಲ್ಲ. ಕೇಳಿದರೆ, "ಹೊಂಗೆ ಕಡವಿನಲ್ಲಿ ನನ್ನನ್ನು ತಲೆಯ ಮೇಲೆ ಹೊತ್ತುಕೊಳ್ಳುತ್ತಾರೆ, ಗೊತ್ತೋ?" ಎಂದಿತು.

ಚುಕ್ಕಿಜಿಂಕೆ ಗೆಡ್ಡೆಯ ಹೊರೆ ಇಟ್ಟುಕೊಂಡು ಮೂರು ದಿನ ಬಸರಿಯ ನೆರಳಲ್ಲಿ ಕಾದಳು. ಹೊರೆ ಬಾಡಿತು. "ಬೊಮ್ಮಣ್ಣಾ, ನನ್ನ ಮರಿಗೆ ಕಾಲು ನಿಲ್ಲುತ್ತಿಲ್ಲ. ಉಪ್ಪಿಲ್ಲದೆ ಬಂಡೆ ನೆಕ್ಕುತ್ತಾ ಇದೆ. ಆಮೆಗಳಾದರೂ ಇದ್ದಿದ್ದರೆ..." ಎಂದಳು.

ನಾಲ್ಕು ತಿಂಗಳಾಗಿತ್ತು. ಬಸರಿ ಕಡವಿನಲ್ಲಿ ಉಳಿದದ್ದು ಅಜ್ಜಿಕಲ್ಲೊಂದೇ. ನರಿಯ ಕಣ್ಣು ಅದರ ಮೇಲೂ ಬಿತ್ತು.

"ನಾಳೆ ಬಿಸಿಲೇರುವುದರೊಳಗೆ ಅದನ್ನು ಕಿತ್ತಿರಬೇಕು. ಈರಕ್ಕ ತನ್ನ ಬುಡದ ಕಲ್ಲನ್ನು ಇವತ್ತೇ ಕಿತ್ತಳು. ನೀನು ಕೀಳದಿದ್ದರೆ ನನ್ನ ತೆಪ್ಪ ಇನ್ನು ಈ ಕಡೆ ತಲೆ ಹಾಕುವುದಿಲ್ಲ. ನಿನ್ನ ಜಿಂಕೆಮರಿ ಬಂಡೆ ನೆಕ್ಕಿಕೊಂಡಿರಲಿ."

ಬೆಳಗಾಯಿತು. ಬೊಮ್ಮಯ್ಯ ಮುಳುಗು ಹಾಕಿ ಬಂದ. ಕೈಯಲ್ಲಿ ರೂಢಿಯಂತೆ ಹೂವಿತ್ತು. ಕಲ್ಲು ಕೀಳುವ ದಿನವೂ ಹೂವು ತಂದೆನಲ್ಲ ಎಂದು ತನಗೇ ನಾಚಿಕೆಯಾಯಿತು. ಹೂವನ್ನು ಗುಳಿಯಲ್ಲಿಟ್ಟು, ಎದೆಕೊಟ್ಟು ನೂಕಿದ. ಕಲ್ಲು ಸ್ವಲ್ಪ ಅಲುಗಿತು. ಕೂಡಲೇ ಅದರ ಅಡಿಯಿಂದ ಕೆಸರುನೀರು ಚಿಮ್ಮಿತು. ಅಜ್ಜಿ ಕಂಡಿದ್ದ ಅದೇ ಕೆಸರು. ಬೊಮ್ಮಯ್ಯ ಕೈ ತೆಗೆದ.

ಚಿಕ್ಕಂದಿನಲ್ಲಿ ಅಜ್ಜಿ ಒಂದು ಮಾತು ಹೇಳುತ್ತಿದ್ದಳು: "ಕಲ್ಲು ಜಾರಿದರೆ ಮತ್ತೊಂದು ಇಡಬಹುದು ಕಣೋ. ಕೂಗೋದನ್ನು ಮಾತ್ರ ಬಿಡಬೇಡ."

ನಗುವವಳಿದ್ದರೆ ನಗಲಿ, ಎಂದುಕೊಂಡ. ಬಾಯಿಗೆ ಕೈ ಹಿಡಿದ. ದನಿ ತುಕ್ಕು ಹಿಡಿದಂತೆ ಹೊರಟಿತು.

"ಕೂ... ಈರಕ್ಕಾ..."

ಉತ್ತರವಿಲ್ಲ. ಇನ್ನೊಮ್ಮೆ ಕೂಗಿದ. ಇಲ್ಲ. ಮೂರನೆಯ ಸಲ ಕೂಗುವಷ್ಟರಲ್ಲಿ ಪೊದೆಯ ಆಚೆಯಿಂದ ಒಡೆದ ದನಿಯೊಂದು ಬಂತು.

"ಅಂತೂ ಗಂಟಲು ಬಂತೇನೋ ನಿನಗೆ! ಮುದುಕಿಯ ಹತ್ತಿರ ಏನು ಕೆಲಸ?"

"ಮುದುಕಿ ಅಂದವರು ಯಾರೇ? ಒಂದು ಮಾತು ಹೇಳಕ್ಕಾ. ಬುಡದ ಕಲ್ಲು ಕಿತ್ತೆಯಂತೆ, ಹೌದೇ?"

"ನಾನೆಲ್ಲಿ ಕಿತ್ತೆ? ಅದರ ಮೇಲೇ ಅಳುತ್ತಾ ಕೂತಿದ್ದೀನಿ, ಕೀಳಲೋ ಬೇಡವೋ ಅಂತ. ನೀನು ನಿನ್ನೆ ಕಿತ್ತೆಯಂತಲ್ಲ!"

"ನನ್ನದೂ ಇಲ್ಲೇ ಇದೆ. ಮೇಲೆ ಹೂವೂ ಇದೆ."

ಬೊಮ್ಮಯ್ಯ ಪೊದೆಯ ಹತ್ತಿರಕ್ಕೆ ಸರಿದು ಮತ್ತೆ ಕೂಗಿದ.

"ಹಾಗಾದರೆ ಮೊದಲ ದಿನ ನೀನು ಐದು ಸಾಲು ಕಿತ್ತದ್ದು?"

"ಐದಲ್ಲ, ನಾಲ್ಕು. ಅದೂ ನೀನು ಮೂರು ಕಿತ್ತ ಮೇಲೆ."

"ನೀನು ಐದು ಕಿತ್ತೆ ಅಂದದ್ದಕ್ಕೇ ನಾನು ಮೂರು ಕಿತ್ತದ್ದು, ಅಕ್ಕಾ!"

ಈರಕ್ಕ ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಅಯ್ಯೋ ಮಾರಾಯ, ಆ ನರಿ ಇಷ್ಟು ದಿನದಲ್ಲಿ ಒಂದು ಕಲ್ಲನ್ನಾದರೂ ಮುಟ್ಟಿತೇನೋ? ಎಲ್ಲಾ ನಾವೇ ಕಿತ್ತದ್ದು!"

ಆ ಮಾತಿಗೆ ಸರಿಯಾಗಿ ಪಡುವಣದಲ್ಲಿ ಕಡಲು ಮೊರೆಯಿತು. ಮೋಡ ಕಪ್ಪಾಗಿ ಏರುತ್ತಿತ್ತು. ಮಳೆಗಾಲ ಬಾಗಿಲಿಗೆ ಬಂದಿತ್ತು, ಎರಡೂ ಕಡವಿನ ದಡ ಬೆತ್ತಲಾಗಿ ನಿಂತಿತ್ತು.

ಬೊಮ್ಮಯ್ಯ ಹಿನ್ನೀರಿಗೆ ಈಜಿ ಹೋಗಿ ಕೂರ್ಮಜ್ಜನ ಮುಂದೆ ತಲೆ ತಗ್ಗಿಸಿ ನಿಂತ. ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಅಜ್ಜ ಅಂದ: "ಆಮೇಲೆ ಅಳುವಿಯಂತೆ. ಘಟ್ಟದಲ್ಲಿ ಮಳೆ ಸುರಿದಾಗಿದೆ, ನೀರಿನ ಬಣ್ಣ ನೋಡು. ಎರಡು ದಿನ ಇದೆ ನಮಗೆ. ಕಲ್ಲುಗಳೆಲ್ಲ ಮಡುವಿನ ತಳದಲ್ಲಿವೆ. ಮುಳುಗಿ ನೂಕುವುದು ಆಮೆಗಳಿಗೆ ಬಿಟ್ಟು ಇನ್ನಾರಿಗೆ ಬರುತ್ತದೆ?"

ಆಮೆಗಳು ಮುಳುಗಿದವು. ಚುಕ್ಕಿಜಿಂಕೆ, ಅಳಿಲು, ಕಾಡೆಮ್ಮೆ, ಎಲ್ಲರೂ ಬಂದರು. ಆದರೆ ಸಂಜೆಗೆ ಲೆಕ್ಕ ಹಾಕಿದರೆ, ಎರಡು ದಿನದಲ್ಲಿ ಎತ್ತಬಹುದಾದ ಕಲ್ಲು ಒಂದು ಕಡವಿಗೆ ಮಾತ್ರ ಸಾಕು. ಯಾವ ಕಡವಿಗೆ ಎಂದು ಯಾರು ಹೇಳಬೇಕು?

ಬೊಮ್ಮಯ್ಯ ಬಸರಿ ಮರವನ್ನೊಮ್ಮೆ ನೋಡಿದ. ತಾನೇ ಕಡಿದ ಬೇರುಗಳು ಬಿಳಿಚಿಕೊಂಡಿದ್ದವು.

"ಹೊಂಗೆ ಕಡವಿಗೆ ಹಾಕಿ" ಎಂದ. "ಅದು ಹೊಳೆ ಬಾಗುವ ಮಗ್ಗುಲಲ್ಲಿದೆ, ಸೆಳವು ಕಡಿಮೆ. ಅಜ್ಜಿಕಲ್ಲನ್ನೂ ಅಲ್ಲಿಗೇ ಒಯ್ಯೋಣ. ಮುಂದಿನ ಸಾಲಿಗೆ ಗಟ್ಟಿ ಕಲ್ಲು ಬೇಕು."

"ಬೇಡವೋ ತಮ್ಮಾ!" ಈರಕ್ಕ ಅಡ್ಡ ಬಂದಳು. "ಅದು ನಿನ್ನಜ್ಜಿ ಇಟ್ಟದ್ದು. ಅದು ಹೋದರೆ ನಿನ್ನ ಕಡವೇ ಹೋಯಿತು."

"ಅಜ್ಜಿ ಇಟ್ಟದ್ದು ಜಿಂಕೆಮರಿ ಹೂಳದಿರಲಿ ಅಂತ ಅಕ್ಕಾ, ಬೊಮ್ಮಯ್ಯನಿಗೊಂದು ಕಡವಿರಲಿ ಅಂತಲ್ಲ. ಕಾಡಿಗೆ ಒಂದಾದರೂ ಕಡವು ಉಳಿಯಬೇಕು."

ಅವನು ಹೂವನ್ನು ತೆಗೆದು ಕಿವಿಗೆ ಸಿಕ್ಕಿಸಿಕೊಂಡು ಕಲ್ಲಿಗೆ ಎದೆಕೊಟ್ಟ. ಹಿಂದಿನಿಂದ ಕೂರ್ಮಜ್ಜ ಚಿಪ್ಪು ಕೊಟ್ಟ, ಆಗಿನಂತೆಯೇ.

ಮೂರನೆಯ ದಿನ ಹೊಳೆ ಬಂತು. ಬಂತು ಎಂದರೆ, ಗುಡ್ಡವೇ ಕರಗಿ ಬಂದಂತೆ. ಬಸರಿ ಕಡವಿನ ದಡ ಹೋಳು ಹೋಳಾಗಿ ಕಳಚಿ ಬಿತ್ತು. ಮರ ವಾಲಿತು, ಉಳಿದ ಬೇರುಗಳಲ್ಲಿ ನೆಲ ಕಚ್ಚಿಕೊಂಡು ಹೇಗೋ ನಿಂತಿತು. ಬೊಮ್ಮಯ್ಯ ಕಣ್ಣು ಮುಚ್ಚಲಿಲ್ಲ. ಎತ್ತರದ ದಡದಲ್ಲಿ ನಿಂತು ಅಷ್ಟನ್ನೂ ನೋಡಿ, ಹೊಂಗೆ ಕಡವಿಗೆ ಬಂದ. ಹೊಂಗೆ ಕಡವಿಗೆ ನೀರು ಗುದ್ದಿತು, ಅಜ್ಜಿಕಲ್ಲಿಗೆ ತಾಗಿತು, ಸೀಳಿ ಹೋಯಿತು. ಒಂಬತ್ತು ಸಾಲೂ ನಿಂತವು.

ಆಗ ಹೊಳೆಯ ನಡುವೆ ತೆಪ್ಪ ಕಾಣಿಸಿತು. ಮಳೆಗಾಲದಲ್ಲಿ ಎಲ್ಲರೂ ತನ್ನ ಕಾಲಿಗೆ ಬೀಳಲಿ ಎಂದು ನರಿ ಬಯಲಿನ ಉಪ್ಪನ್ನೆಲ್ಲ ಎಲೆ ಹೊದಿಸಿ ಹೇರಿಕೊಂಡು ಬಚ್ಚಿಡಲು ಹೊರಟಿತ್ತು. ಮೊಸಳೆಗಳು ಏದುಸಿರು ಬಿಡುತ್ತಿದ್ದವು.

"ಎಳೀರೋ, ಎಳೀರಿ! ದಡ ಸೇರಿದರೆ ಎರಡು ಬುಟ್ಟಿ ಮೀನು!"

"ಹೋದ ತಿಂಗಳಿನ ಬುಟ್ಟಿಯೇ ಇನ್ನೂ ಬಂದಿಲ್ಲ ಧಣಿ" ಎಂದಿತು ಒಂದು ಮೊಸಳೆ. "ಈ ನೀರಿನಲ್ಲಿ ನಮಗೆ ನಮ್ಮ ಜೀವ ಹೆಚ್ಚು." ಎರಡೂ ಬಳ್ಳಿ ಕಚ್ಚಿ ಹರಿದುಕೊಂಡು ಹೊರಟುಹೋದವು.

ತೆಪ್ಪ ಗಿರಗಿರ ತಿರುಗಿತು. ನರಿ ಬಸರಿ ಕಡವನ್ನು ಹುಡುಕಿತು. ಅಲ್ಲಿ ಕಡವೇ ಇರಲಿಲ್ಲ. ನೆಲ ಕುಸಿಯುತ್ತಿತ್ತು. ಮುಂದೆ ಹೊಂಗೆ ಕಡವು ಬಂತು. ಅಲ್ಲಿ ಕಲ್ಲು ಹಲ್ಲುಗಳಂತೆ ಸಾಲಾಗಿ ನಿಂತಿತ್ತು.

"ಕಲ್ಲು ತೆಗೀರಿ! ನನ್ನ ತೆಪ್ಪಕ್ಕೆ ತಾಗುತ್ತದೆ!" ಎಂದು ರೂಢಿಯಂತೆ ಕೂಗಿತು.

"ಈ ಸಲ ನೀನೇ ಇಳಿದು ತೆಗೆಯೋ!" ಎಂದಳು ಈರಕ್ಕ.

ಆದರೂ ಬೊಮ್ಮಯ್ಯ ಅಜ್ಜಿಕಲ್ಲಿನ ಮೇಲೆ ನಿಂತು ಉದ್ದನೆಯ ಬಿದಿರಿನ ಗಳವನ್ನು ಚಾಚಿದ. "ಉಪ್ಪು ಬಿಡು! ಹಾರು! ಗಳ ಹಿಡಿ!"

ನರಿ ಗಳವನ್ನು ನೋಡಿತು. ತಿರುಗಿ ಉಪ್ಪಿನ ರಾಶಿಯನ್ನು ನೋಡಿತು. ಎರಡು ಸಲ ನೋಡುವಷ್ಟು ಹೊತ್ತು ಹೊಳೆ ಕೊಡಲಿಲ್ಲ. ತೆಪ್ಪ ಕಲ್ಲಿಗೆ ಬಡಿದು ಬಿದಿರು ಬಿದಿರಾಗಿ ಚೆದುರಿತು. ಅಷ್ಟು ಉಪ್ಪೂ ಕಣ್ಣೆದುರಿಗೇ ಕರಗಿ ನೀರಾಯಿತು. ನರಿ ಒಂದು ಬಿದಿರನ್ನು ತಬ್ಬಿಕೊಂಡು ತೇಲಿ ಆಚೆ ದಡದ ಬಯಲಿಗೆ ಬಿತ್ತು.

ಹೊಳೆ ಇಳಿಯಿತು, ಬಿಸಿಲು ಬಂತು, ಬಯಲು ಮತ್ತೆ ಬೆಳ್ಳಗಾಯಿತು. ಆಮೆಗಳ ಸಾಲು ಹೊಂಗೆ ಕಡವಿನಿಂದ ಹೊರಟು ಮುತ್ತುಗದೆಲೆಯ ಪೊಟ್ಟಣಗಳನ್ನು ತಂದಿತು. ಚುಕ್ಕಿಜಿಂಕೆಯ ಮರಿ ಉಪ್ಪು ನೆಕ್ಕಿ, ನಾಲ್ಕೇ ದಿನಕ್ಕೆ ಕುಣಿಯತೊಡಗಿತು.

ಒಂದು ದಿನ ನರಿ ಆಚೆ ದಡದಿಂದ ಅಂಗಲಾಚಿತು. "ಕೂರ್ಮಜ್ಜಾ, ಇಲ್ಲಿ ನೆರಳಿಲ್ಲ, ಸಿಹಿನೀರಿಲ್ಲ. ನನ್ನನ್ನು ಕಾಡಿನ ದಡಕ್ಕೆ ದಾಟಿಸು."

"ಅದಕ್ಕೇನಂತೆ, ದಾಟಿಸೋಣ" ಎಂದ ಕೂರ್ಮಜ್ಜ. "ಹೋಗುವಾಗ ಕಲ್ಲು ಇಟ್ಟವರನ್ನು ಬರುವಾಗ ಕೇಳುವುದಿಲ್ಲ. ನೀನು ಒಂದೂ ಇಟ್ಟಿಲ್ಲವಲ್ಲ. ಒಂದು ಕಲ್ಲು ತಾ. ಚಿಕ್ಕದಾದರೂ ಸರಿ."

ಉಪ್ಪಿನ ಬಯಲಿನಲ್ಲಿ ಕಲ್ಲೆಲ್ಲಿ? ಮೈಲಿಗಟ್ಟಲೆ ಕೆಸರು ಮತ್ತು ಉಪ್ಪು. ನರಿ ಇನ್ನೂ ಹುಡುಕುತ್ತಲೇ ಇದೆ. ಸಂಜೆ ಆಚೆ ದಡದಲ್ಲಿ ನರಿ ಊಳಿಟ್ಟರೆ, "ಕೇಳಿದಿರಾ, ಕಲ್ಲು ಕೇಳುತ್ತಾ ಇದೆ" ಎನ್ನುತ್ತಿದ್ದರು ಜಟ್ಟಪ್ಪ ಅಂಬಿಗರು.

ಬೊಮ್ಮಯ್ಯ ಆ ಮಳೆಗಾಲವೆಲ್ಲ ಹೊಂಗೆ ಕಡವಿನಲ್ಲಿ ಈರಕ್ಕನ ಜೊತೆ ದುಡಿದ. ಮಳೆ ಕಳೆದ ಒಂದು ಬೆಳಿಗ್ಗೆ ಎದ್ದು ನೋಡಿದರೆ ಅಜ್ಜಿಕಲ್ಲು ಇಲ್ಲ! ಅಷ್ಟರಲ್ಲಿ ಕೇದಗೆ ಪೊದೆಯ ಆಚೆಯಿಂದ, ವಾಲಿದ ಬಸರಿಯ ಬುಡದಿಂದ, ಏದುಸಿರಿನ ಕೂಗೊಂದು ಬಂತು.

"ಕೂ... ತಮ್ಮಾ! ರಾತ್ರಿಯೆಲ್ಲ ಉರುಳಿಸಿ ಅಜ್ಜಿಕಲ್ಲನ್ನು ಇಲ್ಲೇ ಕೂರಿಸಿದ್ದೀನಿ, ಎಲ್ಲರೂ ಒಂದೊಂದು ಇಟ್ಟಿದ್ದಾರೆ. ನನ್ನ ಬೆನ್ನಿನ ಮುಳ್ಳು ಅರ್ಧ ಮುರಿದುಹೋಯಿತು. ಹೂವು ನೀನೇ ತಾರೋ!"

ಬೊಮ್ಮಯ್ಯ ಬಾಯಿಗೆ ಕೈ ಹಿಡಿದ. ಕಣ್ಣು ತುಂಬಿತ್ತು. ಆದರೂ ಕೂಗು ಚೆನ್ನಾಗಿಯೇ ಹೊರಟಿತು.

"ಕೂ... ಬಂದೆ ಅಕ್ಕಾ!"

ನೀತಿ: ನೆರೆಯವರ ಮಾತನ್ನು ನೆರೆಯವರ ಬಾಯಿಂದಲೇ ಕೇಳಬೇಕು, ಇಬ್ಬರನ್ನು ಪೈಪೋಟಿಗೆ ಹಚ್ಚಿ ಬದುಕುವವನಿಗೆ ಕಷ್ಟ ಬಂದಾಗ ಇಳಿಯಲು ದಡವಿರುವುದಿಲ್ಲ.

ಕೇಳಿದವರು ಈ ಕಥೆಯನ್ನು ತಮ್ಮಲ್ಲೇ ಇಟ್ಟುಕೊಳ್ಳಬೇಡಿ. ಕಡವಿಗೆ ಒಂದು ಕಲ್ಲು ಇಟ್ಟ ಹಾಗೆ, ಮನೆಯ ಮಕ್ಕಳಿಗೊಮ್ಮೆ ಹೇಳಿ, ಅವರು ಇನ್ನೊಬ್ಬರಿಗೆ ಹೇಳಲಿ.